ಬೇಲಿಯ ಒಳಗಿನ ಕಿವಿಗಳು

ಭಾವ ಕೆಲಸ ಮುಗಿಸಿ ಬಂದು ಊಟಕ್ಕೆ ಕೂತರೆ ನೀರಿನ ಲೋಟ ಹಿಡಿಯೋಕೆ ಆಗುತ್ತಿರಲಿಲ್ಲ. ಮಿಷಿನ್ ಬಿಟ್ಟು ಬಂದು ಗಂಟೆಯಾದರೂ ಕೈಗೆ ಅದು ಗೊತ್ತಿರುತ್ತಿರಲಿಲ್ಲ. ಸುಮ್ಮನೆ ನಡುಗುತ್ತಲೇ ಇರುತ್ತಿತ್ತು. ಅರ್ಧ ನೀರು ಬಾಯಿಗೆ, ಅರ್ಧ ಎದೆಗೆ. ಬೆರಳ ತುದಿಗಳು ಬೆಳ್ಳಗಾಗಿ ಮರಗಟ್ಟಿದ್ದವು. ಬಿಸಿ ಪಾತ್ರೆ ಮುಟ್ಟಿದರೂ ಚುರುಕ್ ಅನ್ನುತ್ತಿರಲಿಲ್ಲ.

ಹಳೇ ಕಟ್ಟಡದ ನೆಲಮಾಳಿಗೆಯ ಕಾಂಕ್ರೀಟ್ ಒಡೆಯೋದು ಅವರ ಕೆಲಸ. ಬೆಳಿಗ್ಗೆ ಬ್ರೇಕರ್ ಮಿಷಿನ್ ಹೊಟ್ಟೆಗೆ ಒತ್ತಿ ಹಿಡಿದರೆ ಸಂಜೆ ತನಕ ಅದೇ. ಗಟ್ಟಿ ನೆಲ. ಕಟ್ಟಿದವನು ಯಾರೋ ಪ್ರಾಮಾಣಿಕ ಇರಬೇಕು, ಭಾವ ದಿನಾ ಅವನಿಗೆ ಶಾಪ ಹಾಕುತ್ತಿದ್ದರು.

ಕೈಗಿಂತ ಮೊದಲು ಹೋಗಿದ್ದು ಕಿವಿ. ಒಂದು ದಿನ ಊಟಕ್ಕೆ ಕೂತಾಗ ಅಕ್ಕ ಕೇಳಿದಳು, "ರೀ, ಉಪ್ಪೆಲ್ಲಿ?"

"ಚಪ್ಪಲಿ? ಹೊರಗೇ ಬಿಟ್ಟಿದ್ದೀನಲ್ಲ."

"ಚಪ್ಪಲಿ ಹಾಕ್ಕೊಂಡು ತಿನ್ನಿ ಅನ್ನಾನ! ಉಪ್ಪು ರೀ, ಉಪ್ಪು!"

"ಅದನ್ನ ಬಿಡಿಸಿ ಹೇಳಬಾರದಾ? ಗೊಣಗ್ತೀಯಾ."

ಅಕ್ಕ ಗೊಣಗೋದು! ಸೈಟಿನ ಆ ತುದಿಯಲ್ಲಿ ಅವಳು ಕೆಮ್ಮಿದರೆ ಈ ತುದಿಯಲ್ಲಿ ಸಿಮೆಂಟ್ ಕಲಸೋರು ತಿರುಗಿ ನೋಡುತ್ತಿದ್ದರು. ಅವಳ ಕೆಲಸವೇ ಕೂಗೋದು. ಭಾವ ಒಡೆದ ಕಾಂಕ್ರೀಟ್ ತುಂಬಿಕೊಂಡು ಹೋಗೋಕೆ ಟಿಪ್ಪರ್ ಲಾರಿ ಹಿಮ್ಮುಖವಾಗಿ ಇಳಿಜಾರಿನಲ್ಲಿ ಕೆಳಗೆ ಬರಬೇಕು. ಡ್ರೈವರಿಗೆ ಹಿಂದೆ ಏನಿದೆ ಕಾಣಿಸಲ್ಲ. ಅಕ್ಕ ಪಕ್ಕದಲ್ಲಿ ನಿಂತು "ಬಾ ಬಾ ಬಾ, ಎಡಕ್ಕೆ ತಗೋ, ಬಾ ಬಾ, ನಿಲ್ಸೂ!" ಅಂತ ಕೂಗಬೇಕು. ಲಾರಿ ಹಿಂದಕ್ಕೆ ಬರುವಾಗೆಲ್ಲ ಅದರ ಹಿಂಬದಿಯ ಹಾರ್ನ್ "ಟ್ಯಾಂ ಟ್ಯಾಂ ಟ್ಯಾಂ" ಅಂತ ಹೊಡೆದುಕೊಳ್ಳುತ್ತಿತ್ತು. ಅದು ಕೆಳಗಿರೋರಿಗೆ ಜಾಗ ಬಿಡಿ ಅನ್ನೋ ಸೂಚನೆ. ಭಾವನಿಗೆ ಮಾತು ಕೇಳಿಸದಿದ್ದರೂ ಆ ದರಿದ್ರ ಹಾರ್ನ್ ಕೇಳಿಸುತ್ತಿತ್ತು. ಮಿಷಿನ್ ಆಫ್ ಮಾಡಿ ಗೋಡೆಗೆ ಒರಗಿ ನಿಲ್ಲುತ್ತಿದ್ದರು. ಅವರಿಗೆ ಸಿಗುತ್ತಿದ್ದ ಬಿಡುವು ಅದೊಂದೇ.

ನಾನು ಅದೇ ಸೈಟಲ್ಲಿ ಕಂಬಿ ಕಟ್ಟೋನು. ಭಾವನ ಕಿವಿ ನೋಡಿ ನಗುತ್ತಿದ್ದೋನೂ ನಾನೇ.

ಸೈಟಿಗೆ ಅಂಟಿಕೊಂಡ ಹಾಗೆ ಒಂದು ವಸತಿ ಕಟ್ಟಡ ಇತ್ತು. ಅದರ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಒಬ್ಬ ಅಮ್ಮ ದಿನಾ ನಿಂತು ನಮ್ಮನ್ನ ನೋಡುತ್ತಿದ್ದರು. ಕೈ ಎತ್ತಿದ್ದರೆ ಆಶೀರ್ವಾದ ಅನ್ನಬಹುದಿತ್ತು, ಅವರು ಕಿವಿ ಮುಚ್ಚಿಕೊಂಡು ನಿಂತಿರುತ್ತಿದ್ದರು. ಅವರದ್ದೂ ತಪ್ಪಲ್ಲ. ಗಂಡನಿಗೆ ಆಪರೇಷನ್ ಆಗಿತ್ತಂತೆ, ಹಗಲು ಕಣ್ಣು ಮುಚ್ಚೋಕೆ ಆಗುತ್ತಿರಲಿಲ್ಲವಂತೆ. ಅಮ್ಮ ದೂರು ಕೊಟ್ಟರು. ದೂರು ಕೊಟ್ಟದ್ದಕ್ಕೆ ಇನ್ಸ್‌ಪೆಕ್ಟರ್ ಬಂದರು.

ಇನ್ಸ್‌ಪೆಕ್ಟರ್ ಅಂದರೆ ಪೊಲೀಸ್ ಅಲ್ಲ, ಕಟ್ಟಡ ಕೆಲಸದ ನಿಯಮ ನೋಡಿಕೊಳ್ಳೋರು. ತೆಳ್ಳಗಿನ, ಸುಸ್ತಾದ ಮನುಷ್ಯ. ತಗಡಿನ ಬೇಲಿಯ ಹೊರಗೆ ನಿಂತು ಶಬ್ದ ಅಳೆಯೋ ಮೀಟರ್ ಎತ್ತಿ ಹಿಡಿದರು. ಅದನ್ನೇ ಕಣ್ಣು ಕಿರಿದು ಮಾಡಿ ನೋಡಿದರು.

"ಮಿತಿ ದಾಟಿದೆ," ಅಂದರು ನಮ್ಮ ಮ್ಯಾನೇಜರಿಗೆ. "ಮತ್ತೆ ಬರ್ತೀನಿ. ಆಗ್ಲೂ ಹೀಗೇ ಇದ್ರೆ ಕೆಲಸ ನಿಲ್ಲಿಸ್ತೀನಿ."

ನಮ್ಮ ಮ್ಯಾನೇಜರ್ ಆವತ್ತಿಂದ ತುಟಿ ಮೇಲೆ ಬೆರಳು ಇಟ್ಟುಕೊಂಡೇ ಓಡಾಡೋಕೆ ಶುರು ಮಾಡಿದರು. ನಾವು ಅವರಿಗೆ ಶ್ಶ್ ಸಾಹೇಬ್ರು ಅಂತ ಹೆಸರಿಟ್ಟೆವು.

ಶ್ಶ್ ಸಾಹೇಬ್ರು ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಭಾಷಣ ಮಾಡಿದರು. "ನಮ್ಮದು ನಿಯಮ ಪಾಲಿಸೋ ಕಂಪನಿ. ಇವತ್ತಿಂದ ಯಾರೂ ಕೂಗಬಾರದು. ಶಿಳ್ಳೆ ಹಾಕಬಾರದು. ಮೊಬೈಲಲ್ಲಿ ಹಾಡು ಹಾಕಬಾರದು. ಸಿಮೆಂಟ್ ಬಾಣಲೆ ಎತ್ತಿ ಹಾಕಬಾರದು, ಮೆತ್ತಗೆ ಇಡಬೇಕು."

"ಬ್ರೇಕರ್‌ಗೆ ಯಾರು ಹೇಳ್ತಾರೆ ಸಾರ್?" ಅಕ್ಕ ಕೇಳಿದಳು.

"ಏನು?"

"ಅಲ್ಲಾ, ಮೆತ್ತಗೆ ಒಡಿ ಅಂತ. ಅದಕ್ಕೆ ಯಾರು ಹೇಳ್ತಾರೆ ಅಂದೆ."

ಎಲ್ಲರೂ ನಕ್ಕರು. ಮೇಸ್ತ್ರಿ ಮಾತ್ರ ನಗಲಿಲ್ಲ. ಮೇಸ್ತ್ರಿ ನಮ್ಮಲ್ಲಿಂದಲೇ ಮೇಲೆ ಹೋದೋನು, ಸಾಹೇಬರ ಮುಖ ನೋಡದೆ ನಗು ಬಂದರೂ ನುಂಗಿಕೊಳ್ಳುತ್ತಿದ್ದ.

ಶಬ್ದ ಕಡಿಮೆ ಮಾಡೋ ಮಿಷಿನ್ ಇದೆ ಅಂತ ನಮಗೆಲ್ಲ ಗೊತ್ತಿತ್ತು. ಪಕ್ಕದ ರಸ್ತೆಯ ಸೈಟಲ್ಲೇ ಇತ್ತು. ಅದನ್ನ ಬಾಡಿಗೆಗೆ ತರಿಸಿ ಅಂತ ಭಾವ ಒಂದು ಸಲ ಬಾಯಿಬಿಟ್ಟು ಕೇಳಿದ್ದರು. "ನೀನೇನು ಪಾಲುದಾರನಾ?" ಅಂದಿದ್ದರು ಸಾಹೇಬ್ರು. ಈಗ ಅದರ ಬದಲು ಒಂದಷ್ಟು ದಪ್ಪ ಹೊದಿಕೆ ತರಿಸಿದರು. ಕಂಬಳಿಗಿಂತ ದಪ್ಪ, ಒಳಗೆ ಹತ್ತಿಯಂಥದ್ದೇನೋ ತುಂಬಿತ್ತು. ಅದನ್ನ ಭಾವ ಕೆಲಸ ಮಾಡೋ ಜಾಗದ ಸುತ್ತ ಮೂರು ಕಡೆ ಇಳಿಬಿಟ್ಟರು. ನಾಲ್ಕನೇ ಕಡೆ ಕಲ್ಲಿನ ಗೋಡೆ. ಹೊದಿಕೆ ಕಟ್ಟಿದ ಮರದ ಕಂಬದ ಮೇಲೆ "ಶಾಂತಿ ಕಾಪಾಡಿ" ಅಂತ ಒಂದು ಬೋರ್ಡು. ಆ ಬೋರ್ಡಿಗೆ ಮೊಳೆ ಹೊಡೆದ ಸದ್ದಿಗೆ ಮೂರನೇ ಮಹಡಿ ಅಮ್ಮ ಇನ್ನೊಂದು ದೂರು ಕೊಟ್ಟರು.

ಇನ್ಸ್‌ಪೆಕ್ಟರ್ ಮತ್ತೆ ಬಂದರು. ಬೇಲಿ ಹೊರಗೆ ನಿಂತು ಅಳೆದರು. "ಪರವಾಗಿಲ್ಲ, ಇಳಿದಿದೆ" ಅಂದರು. ಹೊರಗೆ ಇಳಿದದ್ದು ಎಲ್ಲಿಗೆ ಹೋಯಿತು ಅಂತ ಅವರು ಕೇಳಲಿಲ್ಲ.

ಅದು ಭಾವನ ತಲೆಯೊಳಗೆ ಹೋಗುತ್ತಿತ್ತು. ನಾನು ಒಂದು ಸಲ ಟೀ ಕೊಡೋಕೆ ಆ ಹೊದಿಕೆ ಎತ್ತಿ ಒಳಗೆ ಹೋದೆ. ಮಿಷಿನ್ ಓಡುತ್ತಿತ್ತು. ದೊಡ್ಡ ಗಂಟೆಯೊಳಗೆ ತಲೆ ತೂರಿಸಿದಾಗ ಯಾರೋ ಬಾರಿಸಿದ ಹಾಗಾಯಿತು. ಕಣ್ಣು ಗುಡ್ಡೆ ಅದುರಿತು. ಧೂಳು ಹೊರಗೆ ಹೋಗೋಕೆ ದಾರಿ ಇಲ್ಲ, ಸೆಕೆ, ಅದರ ಮಧ್ಯೆ ಭಾವ ಹಿಟ್ಟಿನಲ್ಲಿ ಹೊರಳಿದ ಹಾಗೆ ಬೆಳ್ಳಗೆ ನಿಂತಿದ್ದರು. ನಾನು ಟೀ ಲೋಟ ಅಲ್ಲೇ ಇಟ್ಟು ಓಡಿ ಬಂದೆ.

ಕಿವಿಗೆ ಹಾಕೋ ದಪ್ಪ ಮುಚ್ಚಳಗಳು ಕಂಪನಿ ಹತ್ತಿರ ಇದ್ದವು, ಇಲ್ಲ ಅಂತ ಹೇಳಬಾರದು. ಹೊಸವು, ಹಳದಿ ಬಣ್ಣ. ಇನ್ಸ್‌ಪೆಕ್ಟರ್ ಬರೋ ದಿನ ಹಂಚುತ್ತಿದ್ದರು, ಅವರ ಗಾಡಿ ತಿರುವು ದಾಟಿದ ಕೂಡಲೇ ಮದುವೆಮನೆ ಪಾತ್ರೆ ಎಣಿಸಿಕೊಳ್ಳೋ ಹಾಗೆ ಎಣಿಸಿ ಒಳಗಿಡುತ್ತಿದ್ದರು. "ಕೊಳೆಯಾಗುತ್ತೆ" ಅನ್ನೋದು ಸಾಹೇಬರ ಕಾರಣ.

ಇಷ್ಟಾದರೂ ಮೂರನೇ ಮಹಡಿ ಅಮ್ಮ ಸುಮ್ಮನಾಗಲಿಲ್ಲ. ಮಿಷಿನ್ ಸದ್ದು ತಗ್ಗಿದ ಮೇಲೆ ಲಾರಿಯ ಹಾರ್ನ್ ಅವರಿಗೆ ಎದ್ದು ಕೇಳಿಸೋಕೆ ಶುರುವಾಯಿತು. "ಆ ಟ್ಯಾಂ ಟ್ಯಾಂ ನಿಲ್ಲಿಸ್ರೀ, ನಮ್ಮ ಯಜಮಾನರ ಎದೆ ಹೊಡ್ಕೊಳ್ಳುತ್ತೆ!" ಅಂತ ಬಾಲ್ಕನಿಯಿಂದ ಕೂಗಿದರು.

ಶ್ಶ್ ಸಾಹೇಬ್ರು ಡ್ರೈವರನ್ನ ಕರೆದರು. ನಾವು ಅವನನ್ನ ಟಿಪ್ಪರಣ್ಣ ಅಂತಿದ್ದೆವು.

"ಹಿಂಬದಿ ಹಾರ್ನ್ ವೈರ್ ಕಿತ್ತಾಕು."

"ಸಾರ್, ಅದು ತೆಗೆಯಂಗಿಲ್ಲ. ಕೆಳಗೆ ಜನ ಇರ್ತಾರೆ."

"ಇವಳಿದ್ದಾಳಲ್ಲ ತೋರಿಸೋಕೆ."

"ನಾನು ಕೂಗೋ ಹಾಗಿಲ್ಲ ಅಂದ್ರಲ್ಲ ಸಾರ್?" ಅಕ್ಕ ಅಂದಳು.

ಸಾಹೇಬ್ರು ಅವಳ ಕೈಗೆ ಒಂದು ಕೆಂಪು ಬಾವುಟ ಕೊಟ್ಟರು. "ಬೀಸು. ಇನ್ನೊಂದು ಸಲ ನಿನ್ನ ಗಂಟಲು ಬೇಲಿ ಹೊರಗೆ ಕೇಳಿಸಿದ್ರೆ ಆವತ್ತೇ ಗಂಟುಮೂಟೆ ಕಟ್ಕೋ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ. ಸದ್ದು ಮಾಡಿದ್ದು ಮಿಷಿನ್ನು, ಬಾಯಿ ಮುಚ್ಚಿಸಿದ್ದು ಅಕ್ಕನದು. ಆವತ್ತು ಊಟಕ್ಕೆ ಕೂತಾಗ ಅವಳು ಬಾವುಟ ಬೀಸಿ ಉಪ್ಪು ಕೇಳಿದಳು. ಭಾವ ನಗುತ್ತಾ ಉಪ್ಪು ಕೊಟ್ಟರು. "ಇದೇ ಚೆನ್ನಾಗಿದೆ ಕಣೇ" ಅಂದರು. ನಾವೂ ನಕ್ಕೆವು. ಸೈಟಲ್ಲಿ ಭಾವನ ಜೊತೆ ಕೂತು ನಕ್ಕದ್ದು ಅದೇ ಕೊನೆ.

ಒಂದು ವಾರ ಹೇಗೋ ನಡೆಯಿತು. ಆಮೇಲೆ ಒಂದು ದಿನ ಹೊತ್ತು ನೆತ್ತಿಗೆ ಬರುವಾಗ ನಾನು ಮೇಲೆ ಕಂಬದ ಕಂಬಿ ಕಟ್ಟುತ್ತಿದ್ದೆ. ಲಾರಿ ಹಿಮ್ಮುಖವಾಗಿ ಇಳಿಯುತ್ತಿತ್ತು. ಸದ್ದಿಲ್ಲದೆ, ಕಳ್ಳ ಬೆಕ್ಕಿನ ಹಾಗೆ. ಗಾಳಿ ಬಂದು ಹೊದಿಕೆ ಉಬ್ಬಿ ಲಾರಿಯ ಕನ್ನಡಿಗೆ ಅಡ್ಡವಾಯಿತು. ಅಕ್ಕ ಬಾವುಟ ಬೀಸಿದಳು. ಲಾರಿ ನಿಲ್ಲಲಿಲ್ಲ. ಇನ್ನೂ ಮುಂದೆ ಬಂದು ಬೀಸಿದಳು. ನಿಲ್ಲಲಿಲ್ಲ. ಒಳಗೆ ಬ್ರೇಕರ್ ಓಡುತ್ತಲೇ ಇತ್ತು.

ಅಕ್ಕ ಬಾವುಟ ಬಿಸಾಕಿದಳು. "ನಿಲ್ಸೂ!"

ಆ ಕೂಗಿಗೆ ನನ್ನ ಕೈಯಲ್ಲಿದ್ದ ಇಕ್ಕಳ ಬಿದ್ದುಹೋಯಿತು. ಟಿಪ್ಪರಣ್ಣ ಬ್ರೇಕ್ ಒತ್ತಿದ. ಲಾರಿ ನಿಂತಿತು. ಆದರೆ ಹಿಂದಿನ ಚಕ್ರ ಆಗಲೇ ಹೊದಿಕೆಯೊಳಗೆ ಹೋಗಿತ್ತು, ಭಾವನ ಎಡ ಪಾದದ ಮೇಲೆ ಹತ್ತಿತ್ತು.

ಅವರನ್ನ ಎತ್ತಿಕೊಂಡು ಹೋದದ್ದು, ಆಸ್ಪತ್ರೆಯಲ್ಲಿ ಪಾದದ ಅರ್ಧ ತೆಗೆದದ್ದು, ಅದನ್ನೆಲ್ಲ ಬಿಡಿಸಿ ಹೇಳೋಕೆ ನನಗೆ ಆಗಲ್ಲ. ಅಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಒಂದೇ ಮಾತು ಹೇಳುತ್ತಿದ್ದಳು.

"ಒಂದು ಗಳಿಗೆ ತಡ ಮಾಡ್ಬಿಟ್ಟೆ ಕಣೋ. ಮೊದಲನೇ ಸಲ ಬಾವುಟ ಬೀಸಿದಾಗಲೇ ಕೂಗಬಹುದಿತ್ತು. ಕೆಲಸ ಹೋಗುತ್ತೆ ಅಂತ ಬಾಯಿ ಬಿಗಿ ಹಿಡ್ಕೊಂಡೆ."

"ನೀನು ಕೂಗಿದ್ದಕ್ಕೇ ಭಾವನ ಜೀವ ಉಳೀತು ಅಕ್ಕ."

"ಕಾಲು ಹೋಯ್ತಲ್ಲೋ."

ಅವಳು ಇಷ್ಟು ಮೆಲ್ಲಗೆ ಮಾತಾಡಿದ್ದನ್ನ ನಾನು ಯಾವತ್ತೂ ಕೇಳಿರಲಿಲ್ಲ.

ಭಾವನಿಗೆ ಪ್ರಜ್ಞೆ ಬಂದ ಮೇಲೆ ಕಂಪನಿ ಡಾಕ್ಟರ್ ಬಂದರು. ನಾವು ಕಾಲು ನೋಡೋಕೆ ಬಂದಿದ್ದಾರೆ ಅಂದುಕೊಂಡೆವು. ಆ ಮಹಾನುಭಾವ ಕಾಲಿನ ಕಡೆ ನೋಡಲೇ ಇಲ್ಲ. ಕಿವಿಯ ಹತ್ತಿರ ಒಂದು ಸಣ್ಣ ಗಂಟೆ ಅಲ್ಲಾಡಿಸಿದರು.

"ಕೇಳಿಸ್ತಾ?"

ಭಾವ ಸುಮ್ಮನೆ ನೋಡಿದರು. ಇನ್ನೊಂದು ಕಿವಿ. ಅದೂ ಹಾಗೇ. ಡಾಕ್ಟರ್ ಸಂತೋಷವಾಗಿ ಎದ್ದು ಹೋದರು.

ಮಾರನೇ ದಿನ ಶ್ಶ್ ಸಾಹೇಬ್ರು ನಮ್ಮನ್ನ ಕರೆಸಿ ಹೇಳಿದರು, "ಪಾಪ, ಅವನಿಗೆ ಕಿವಿ ಕೇಳ್ಸಲ್ಲ. ಲಾರಿ ಹಾರ್ನ್ ಹೊಡೀತಾನೇ ಇತ್ತು, ಅವನು ಜರುಗಲಿಲ್ಲ. ಕಂಪನಿ ಏನ್ಮಾಡೋಕಾಗುತ್ತೆ? ಕಿವುಡ ಅನ್ನೋದನ್ನ ಮುಚ್ಚಿಟ್ಟು ಕೆಲಸಕ್ಕೆ ಸೇರಿದ್ದೇ ಮೋಸ."

ಅಕ್ಕನಿಗೆ ಅರ್ಥವಾಗೋಕೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವಳ ಗಂಟಲು ವಾಪಸ್ ಬಂತು.

"ಹಾರ್ನಾ? ಯಾವ ಹಾರ್ನ್ ಸಾರ್? ನೀವೇ ಕೀಳಿಸಿದ್ರಲ್ಲ! ಇನ್ನು ಕಿವಿ. ಇಲ್ಲಿಗೆ ಬರುವಾಗ ನನ್ನ ಗಂಡನಿಗೆ ಎರಡೂ ಕಿವಿ ಇತ್ತು. ನಾನು ಪಿಸುಗುಟ್ಟಿದ್ರೆ ಕೇಳಿಸ್ತಿತ್ತು. ನಿಮ್ಮ ಮಿಷಿನ್ನೇ ತಿಂದಿದ್ದು. ಈಗ ನೀವು ತಿಂದಿದ್ದಕ್ಕೆ ಅವರ ಮೇಲೇ ತಪ್ಪು ಹಾಕ್ತೀರಾ?"

"ಶ್ಶ್," ಅಂದರು ಸಾಹೇಬ್ರು. "ಅಕ್ಕಪಕ್ಕದೋರಿಗೆ ಕೇಳ್ಸುತ್ತೆ."

ಅಪಘಾತದ ವಿಚಾರಣೆಗೆ ಅದೇ ಇನ್ಸ್‌ಪೆಕ್ಟರ್ ಬಂದರು. ಆವತ್ತು ನಮಗೆಲ್ಲ ಹಳದಿ ಮುಚ್ಚಳ ಹಂಚಿದ್ದರು. ಇಳಿಜಾರಿನ ಹತ್ತಿರ ನಾವೆಲ್ಲ ನಿಂತೆವು. ಟಿಪ್ಪರಣ್ಣನನ್ನ ಮುಂದೆ ಕರೆದರು.

"ಹಿಂದಕ್ಕೆ ಬರುವಾಗ ಹಾರ್ನ್ ಹೊಡೀತಿತ್ತಾ?"

ಟಿಪ್ಪರಣ್ಣ ನೆಲ ನೋಡಿದ. ಹಿಂದಿನ ದಿನ ಸಾಹೇಬ್ರು ಅವನ ಜೊತೆ ಬಹಳ ಹೊತ್ತು ಮಾತಾಡಿದ್ದರು. "ಹೂಂ ಸಾರ್. ಹೊಡೀತಿತ್ತು."

ಅಕ್ಕ ಅವನನ್ನೇ ನೋಡುತ್ತಿದ್ದಳು. ಬೈಯಲಿಲ್ಲ. ಅವನು ಇನ್ನೂ ಕೆಳಗೆ ನೋಡಿದ.

"ಬೇಕಾದ್ರೆ ತೋರಿಸ್ತೀವಿ ಸಾರ್," ಅಂದರು ಶ್ಶ್ ಸಾಹೇಬ್ರು, ಅಂಗಡಿಯವನು ಮಾಲು ತೋರಿಸೋ ಹುರುಪಿನಲ್ಲಿ. "ಲಾರಿ ಹಿಂದಕ್ಕೆ ತಗೊಳ್ಳಪ್ಪಾ."

ಟಿಪ್ಪರಣ್ಣ ಲಾರಿ ಹತ್ತಿದ. ಹಿಂದಕ್ಕೆ ಬಿಟ್ಟ. "ಟ್ಯಾಂ ಟ್ಯಾಂ ಟ್ಯಾಂ!" ಹಾರ್ನ್ ಜೀವ ಬಂದ ಹಾಗೆ ಕಿರುಚಿತು. ವೈರ್ ಕೂಡಿಸಿಬಿಟ್ಟಿದ್ದರು. ಅಪಘಾತವಾದ ದಿನ ಸಂಜೆಯೇ ಕೂಡಿಸಿದ್ದರಂತೆ.

"ನೋಡಿ ಸಾರ್," ಅಂದರು ಸಾಹೇಬ್ರು. "ಈ ಸದ್ದು ಕೇಳ್ಸದೇ ಇರೋಕೆ ಮನುಷ್ಯ..."

ಮಾತು ಮುಗಿಯಲಿಲ್ಲ. ಮೇಲೆ ಬಾಲ್ಕನಿ ಬಾಗಿಲು ಧಡಾರ್ ಅಂತ ತೆರೆಯಿತು. ಮೂರನೇ ಮಹಡಿ ಅಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಏನ್ರೀ ಮ್ಯಾನೇಜರ್ರೇ! ಮಾತಿಗೆ ಬೆಲೆ ಬೇಡ್ವಾ? ವೈರ್ ಕಿತ್ತಾಕಿದ್ದೀವಿ, ಇನ್ನು ನಿಶ್ಚಿಂತೆಯಾಗಿ ಮಲಗಿ ಅಂದ್ರಲ್ಲ! ಒಂದು ವಾರ ಪುಣ್ಯಕ್ಕೆ ಸುಮ್ಮನಿತ್ತು. ಆ ಮನುಷ್ಯನಿಗೆ ಏಟಾದ ಸಂಜೆಯಿಂದ ಮತ್ತೆ ಶುರು ಮಾಡಿದ್ದೀರಾ!"

ಶ್ಶ್ ಸಾಹೇಬರ ಬೆರಳು ತುಟಿ ತನಕ ಹೋಯಿತು. ಆದರೆ ಯಾರಿಗೆ ಶ್ಶ್ ಅನ್ನೋದು? ಆ ಅಮ್ಮ ಅವರ ಕೂಲಿಯಲ್ಲವಲ್ಲ.

ಅಕ್ಕ ತಲೆ ಎತ್ತಿದಳು. "ಅಮ್ಮಾ, ಇನ್ನೊಂದು ಸಲ ಹೇಳಿ. ಇನ್ನೂ ಸ್ವಲ್ಪ ಜೋರಾಗಿ."

"ಯಾಕೆ ಹೇಳಬಾರದು?" ಅಂತ ಅಮ್ಮ ಇನ್ನೊಂದು ಸಲ, ರಸ್ತೆಗೇ ಕೇಳಿಸೋ ಹಾಗೆ ಹೇಳಿದರು. ಹೇಳಿ ಮುಗಿಸಿ ಕೆಳಗಿನ ನಮ್ಮ ಮುಖಗಳನ್ನ ನೋಡಿದರು. ಅವರಿಗೇನೋ ಹೊಳೆದಿರಬೇಕು. ಸೊಂಟದ ಮೇಲಿದ್ದ ಕೈ ಇಳಿಯಿತು. "ಅಯ್ಯೋ... ಆ ಹಾರ್ನ್ ಇಲ್ಲದ್ದಕ್ಕೇನಾ...?" ಅಂದವರು ಬಾಲ್ಕನಿಯ ಕಂಬಿ ಹಿಡಿದುಕೊಂಡರು. ಒಳಗೆ ಹೋಗಲಿಲ್ಲ.

ಟಿಪ್ಪರಣ್ಣ ಲಾರಿಯಿಂದ ಇಳಿದು ಬಂದ. "ಸಾರ್, ವೈರ್ ಕಿತ್ತಿದ್ದು ನಾನು. ಕೀಳಿಸಿದ್ದು ಇವರು. ಲೈಸೆನ್ಸ್ ಹೋಗೋ ಹಾಗೆ ಮಾಡ್ತೀನಿ ಅಂದ್ರು, ಅದಕ್ಕೆ ಸುಳ್ಳು ಹೇಳಿದೆ. ಹೋಗಲಿ ಬಿಡಿ ಲೈಸೆನ್ಸು. ಆ ಚಕ್ರ ಹತ್ತಿದ್ದು ನನಗೆ ಸೀಟಲ್ಲಿ ಗೊತ್ತಾಯ್ತು ಸಾರ್. ದಿನಾ ಗೊತ್ತಾಗ್ತಿದೆ."

ಇನ್ಸ್‌ಪೆಕ್ಟರ್ ಲಾರಿ ಹಿಂದೆ ಹೋಗಿ ಆ ವೈರ್ ಬಗ್ಗಿ ನೋಡಿದರು. ಆಮೇಲೆ ಕಾಲಿನ ವಿಷಯದಲ್ಲಿ ಕಂಪನಿಯದೇ ತಪ್ಪು ಅಂತ ವರದಿ ಕೊಡ್ತೀನಿ ಅಂದರು. ನಾವು ಹುಬ್ಬೇರಿಸಿದೆವು. ಇಂಥ ಮಾತು ಕೇಳಿ ಅಭ್ಯಾಸ ಇರಲಿಲ್ಲ.

"ಕಿವಿ ಸಾರ್?" ಅಂದಳು ಅಕ್ಕ.

"ಅದು ನಮ್ಮ ವ್ಯಾಪ್ತಿಗೆ ಬರಲ್ಲಮ್ಮ. ನಾವು ಬೇಲಿ ಹೊರಗಿನ ಶಬ್ದ ಮಾತ್ರ ಅಳೆಯೋದು."

"ಒಳಗಿರೋರದ್ದು ಯಾರು ಅಳೀತಾರೆ?"

"ಬೇರೆ ಇಲಾಖೆ ಇದೆ."

"ಅವರು ಯಾವಾಗ ಬರ್ತಾರೆ?"

"ಅವರು..." ಇನ್ಸ್‌ಪೆಕ್ಟರ್ ಗಂಟಲು ಸರಿಮಾಡಿಕೊಂಡರು. "ಕರೆದ್ರೆ ಬರ್ತಾರೆ."

ಅಕ್ಕ ಹೊದಿಕೆಯ ಒಂದು ತುದಿ ಎತ್ತಿ ಹಿಡಿದಳು. "ಇಷ್ಟು ದೂರ ಬಂದಿದ್ದೀರಿ, ಒಂದು ಸಲ ಒಳಗೆ ಬನ್ನಿ ಸಾರ್. ಮಿಷಿನ್ ಹಾಕ್ತೀವಿ. ನಿಮ್ಮ ಮೀಟರ್ ಜೊತೆ ಮ್ಯಾನೇಜರ್ ಸಾಹೇಬ್ರೂ ಬರ್ಲಿ. ಸುಮ್ಮನೆ ನಿಂತ್ಕೊಳ್ಳಿ, ನೀವೇನೂ ಒಡೀಬೇಡಿ."

ಇನ್ಸ್‌ಪೆಕ್ಟರ್ ಒಳಗೆ ಹೋದರು. ಅದು ಅವರ ದೊಡ್ಡತನ. ನಾನು ಬ್ರೇಕರ್ ಹಿಡಿದೆ. ಮೀಟರ್ ಎಷ್ಟು ತೋರಿಸಿತೋ ನಮಗೆ ಹೇಳಲಿಲ್ಲ, ಮುಖ ಮಾತ್ರ ತೋರಿಸಿತು. ಬೇಗ ಹೊರಗೆ ಬಂದು ಎರಡೂ ಕಿವಿಯೊಳಗೆ ಬೆರಳು ಆಡಿಸಿಕೊಂಡರು. ಶ್ಶ್ ಸಾಹೇಬ್ರಿಗೆ ಅಷ್ಟರಲ್ಲಿ ಒಂದು ಅರ್ಜೆಂಟ್ ಫೋನ್ ಬಂದಿತ್ತು.

ಹೋಗುವಾಗ ಇನ್ಸ್‌ಪೆಕ್ಟರ್ ನನ್ನನ್ನ ಪಕ್ಕಕ್ಕೆ ಕರೆದು ಮೆಲ್ಲಗೆ ಅಂದರು, "ನಾನು ಹೇಳಿದೆ ಅನ್ಬೇಡಿ. ಒಬ್ಬನ ಕಿವಿ ಆದ್ರೆ ಅವನು ಹುಟ್ಟಾ ಕಿವುಡ ಅಂತಾರೆ. ಎಲ್ಲರೂ ಹೋಗಿ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸ್ಕೊಳ್ಳಿ. ಎಲ್ಲರೂ." ಎರಡು ಸಲ ಹೇಳಿಸಿದೆ ನಾನು. ಅವರು ಮೆಲ್ಲಗೆ ಹೇಳಿದ್ದಕ್ಕೆ ಹಾಗಾಯಿತು ಅಂದುಕೊಂಡೆ.

ಅಕ್ಕ ಕೂಲಿಯವರ ಶೆಡ್ಡಿನಿಂದ ಶೆಡ್ಡಿಗೆ ಹೋಗಿ ಮಾತಾಡಿದಳು. ಕೆಲವರು ಒಪ್ಪಲಿಲ್ಲ. "ನಮಗೇನಾಗಿದೆ? ನಮ್ಮ ಕಿವಿ ಚೆನ್ನಾಗೇ ಇದೆ," ಅಂದರು. ಹಾಗೆ ಅಂದದ್ದೂ ಕಿರುಚಿಕೊಂಡೇ. ಮೇಸ್ತ್ರಿ ಮೊದಲು ಹೆದರಿಸಿದ, "ಕೆಲಸ ಬಿಟ್ಟು ಹೋದ್ರೆ ನಾಳೆ ಬೇರೆಯವರು ಬರ್ತಾರೆ." ಅಕ್ಕ ಅವನಿಗೆ ಬೆನ್ನು ತಿರುಗಿಸಿ ನಿಂತು ಬೇರೆ ಜನ ಮಾತಾಡೋ ಸಾಧಾರಣ ದನಿಯಲ್ಲಿ ಅವನ ಅಪ್ಪ, ಅಜ್ಜನನ್ನೆಲ್ಲ ಎಳೆದು ಬೈದಳು. ನಾವೆಲ್ಲ ಮೇಸ್ತ್ರಿಯ ಮುಖ ನೋಡಿದೆವು. ಅವನು ಶಾಂತವಾಗಿ ನಿಂತಿದ್ದ.

"ಏನಂದಳು?" ಅಂದ ಕೊನೆಗೆ, ನಾವು ನಗೋದು ನೋಡಿ.

ಯಾರೂ ಹೇಳಲಿಲ್ಲ. ಅವನ ಮುಖದ ಬಣ್ಣ ಇಳಿಯಿತು.

ಮಾರನೇ ಬೆಳಿಗ್ಗೆ ಸೈಟಿಗೆ ಯಾರೂ ಹೋಗಲಿಲ್ಲ. ಸರ್ಕಾರಿ ಆಸ್ಪತ್ರೆಯ ಉದ್ದ ವರಾಂಡದಲ್ಲಿ ಗೋಡೆಗೆ ಒರಗಿ ಸಾಲಾಗಿ ಕೂತೆವು. ಕಲ್ಲು ಕುಯ್ಯೋರು, ಕಂಬಿ ಕಟ್ಟೋರು, ಸಿಮೆಂಟ್ ಕಲಸೋ ಹೆಂಗಸರು, ಟಿಪ್ಪರಣ್ಣ, ಕೊನೆಯಲ್ಲಿ ಮೇಸ್ತ್ರಿ. ಭಾವನನ್ನ ಗಾಲಿ ಕುರ್ಚಿಯಲ್ಲಿ ಕೂರಿಸಿ ತಂದಿದ್ದೆವು, ಅಕ್ಕ ಅವರನ್ನ ಒಳಗೆ ಕರೆದುಕೊಂಡು ಹೋಗಿದ್ದಳು. ನಾನು ಪಕ್ಕದವನಿಗೆ ಭಾವನ ಚಪ್ಪಲಿ ಕಥೆ ಹೇಳಿ ನಗುತ್ತಿದ್ದೆ.

ಯಾರೋ ನನ್ನ ಭುಜ ಹಿಡಿದು ಅಲುಗಿಸಿದರು. ತಿರುಗಿದೆ. ನರ್ಸಮ್ಮ.

"ಸಾಲಲ್ಲಿ ಮೊದಲು ಕೂತಿರೋದು ನೀವೇ ಅಲ್ವಾ? ಬಾಗಿಲಲ್ಲಿ ನಿಂತು ಎಷ್ಟು ಸಲ ಕರೀಬೇಕು?"

"ಯಾವಾಗ ಕರೆದ್ರಿ ಸಿಸ್ಟರ್?"

"ಕಿವಿ ಕೇಳ್ಸಲ್ವಾ ನಿಮಗೆ?" ಅಂತ ರೇಗಿದವರು ಅಲ್ಲಿಗೇ ನಿಂತರು. ನನ್ನ ಮುಖ ನೋಡಿದರು. ಆಮೇಲೆ ಸಾಲನ್ನ ನೋಡಿದರು. ಅವರು ಕರೆದಾಗ ಅಲ್ಲಿ ಯಾರೊಬ್ಬರೂ ತಲೆ ಎತ್ತಿರಲಿಲ್ಲ.

ನಗು ನನ್ನ ಬಾಯಲ್ಲೇ ಒಣಗಿತು. ಕೈ ತಾನಾಗೇ ಕಿವಿಗೆ ಹೋಯಿತು. ಕಿವಿ ಅಲ್ಲೇ ಇತ್ತು.

ನರ್ಸಮ್ಮ ಒಳಗೆ ಹೋಗಿ ಡಾಕ್ಟರನ್ನ ಕರೆದುಕೊಂಡು ಬಂದರು. ಡಾಕ್ಟರಮ್ಮ ಬಾಗಿಲಲ್ಲಿ ನಿಂತು ಸಾಲಿನ ಉದ್ದಕ್ಕೂ ಕಣ್ಣು ಹಾಯಿಸಿದರು.

"ಇಷ್ಟು ಜನಾನೂ ಎಲ್ಲಿಂದ ಬಂದ್ರಿ?" ಅಂತ ಗಟ್ಟಿಯಾಗಿ ಕೇಳಿದರು.

"ಒಂದೇ ಬೇಲಿ ಒಳಗಿಂದ," ಅಂದೆ. "ಇನ್ನೂ ಇದ್ದಾರೆ ಡಾಕ್ಟರೇ. ನಾಳೆ ಅವರನ್ನೂ ಕರ್ಕೊಂಡು ಬರ್ತೀವಿ."

ಡಾಕ್ಟರಮ್ಮ ಮೇಸ್ತ್ರಿಯ ಕಡೆ ಬೆರಳು ತೋರಿಸಿದರು. "ನಿಮ್ಮ ಫೋನು ಆಗಿಂದ ಹೊಡ್ಕೋತಾನೇ ಇದೆಯಲ್ಲ."

ಮೇಸ್ತ್ರಿ ಜೇಬಿಂದ ಫೋನ್ ತೆಗೆದ. ನಾವೆಲ್ಲ ಬಗ್ಗಿ ನೋಡಿದೆವು. ಶ್ಶ್ ಸಾಹೇಬ್ರು. ಬೆಳಿಗ್ಗೆಯಿಂದ ಎಷ್ಟು ಸಲ ಮಾಡಿದ್ದರೋ.

ಮೇಸ್ತ್ರಿ ಅದನ್ನ ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದ. ಅದು ಹೊಡೆದುಕೊಳ್ಳುತ್ತಲೇ ಇತ್ತು. ನೋಡಿ ನೋಡಿ ಮತ್ತೆ ಜೇಬಿಗೆ ಹಾಕಿಕೊಂಡ.

"ಕೇಳಿಸ್ಲಿಲ್ಲ ಅಂತ ಹೇಳ್ತೀನಿ ಡಾಕ್ಟರೇ," ಅಂದ. "ಅದಕ್ಕೆ ನೀವೇ ಸಾಕ್ಷಿ."